ಬ್ಯಾಫಿನ್ ಬೇ, ಚಳಿಗಾಲ, ದೊಡ್ಡ ಟ್ರೌಟ್: ಮೂರು ಸಲ ಹೋದೆ, ಮೂರು ಸಲವೂ ಬರಿಗೈ. ಎಲ್ಲಿ ತಪ್ಪುತ್ತಿದ್ದೇನೆ?

ಗಂಗೊಳ್ಳಿ_ಗಾಳ · ಡಿಸೆಂಬರ್ 9

ಎಲ್ಲರಿಗೂ ನಮಸ್ಕಾರ. ನಾನಿರುವುದು ಟೆಕ್ಸಸ್‌ನ ಸ್ಯಾನ್ ಆಂಟೋನಿಯೊದಲ್ಲಿ. ಊರು ಗಂಗೊಳ್ಳಿ. ಚಿಕ್ಕಂದಿನಲ್ಲಿ ಅಪ್ಪನ ಜೊತೆ ಅಳಿವೆ ಬಾಗಿಲಲ್ಲಿ ಗಾಳ ಹಾಕುತ್ತಿದ್ದೆ. ಉಪ್ಪುನೀರು ನನಗೆ ಹೊಸದಲ್ಲ.

ಈ ಚಳಿಗಾಲದಲ್ಲಿ ಒಂದು ಆಸೆ ಹಿಡಿದಿದೆ. ದೋಣಿಯಲ್ಲಿ ಕೂತು ಅಲ್ಲ, ಸೊಂಟದ ನೀರಲ್ಲಿ ನಡೆದುಕೊಂಡೇ ಒಂದು 28 ಇಂಚಿನ ಟ್ರೌಟ್ ಹಿಡಿಯಬೇಕು. ನವೆಂಬರ್ ಕೊನೆಯಿಂದ ಮೂರು ಸಲ ಹೋದೆ. ಒಂದು ಸಲ ಪಾಡ್ರೆ ದ್ವೀಪದ ಬರ್ಡ್ ಐಲ್ಯಾಂಡ್ ಬೇಸಿನ್‌ನಲ್ಲಿ ದಡದಿಂದಲೇ ಇಳಿದೆ. ಎರಡು ಸಲ ಸ್ನೇಹಿತರ ದೋಣಿಯಲ್ಲಿ ಬ್ಯಾಫಿನ್ ಬೇಗೆ (ದಕ್ಷಿಣ ಟೆಕ್ಸಸ್ ಕರಾವಳಿಯ ಕೊಲ್ಲಿ) ಹೋಗಿ ಅಲ್ಲಿ ಇಳಿದೆ. ಸಿಕ್ಕಿದ್ದು ಹದಿನಾಲ್ಕು, ಹದಿನೈದು ಇಂಚಿನ ಮರಿಗಳು ಮಾತ್ರ.

ಮಾಡಿದ್ದು ಇಷ್ಟು. ಬೆಳಗ್ಗೆ 6ಕ್ಕೆ ಕತ್ತಲಲ್ಲೇ ಇಳಿಯುತ್ತೇನೆ. ಗಟ್ಟಿ ಮರಳು ಇರುವ ಕಡೆ ದಡದುದ್ದಕ್ಕೂ ನಡೆಯುತ್ತೇನೆ. ಸಿಗಡಿ ಆಕಾರದ ರಬ್ಬರ್ ಎರೆ, ಕಾಲು ಔನ್ಸ್ ಸೀಸದ ತಲೆ. ಎಸೆದು ಎಳೆಯುವುದು. ಹತ್ತೂವರೆಗೆ ಕೈ ಮರಗಟ್ಟಿ ವಾಪಸ್. ನೀರು 52 ಡಿಗ್ರಿ ಫ್ಯಾರನ್‌ಹೀಟ್ ಇತ್ತು.

ಬಲ್ಲವರು ದಯವಿಟ್ಟು ತಿದ್ದಿ.

ಕಾರ್ಪಸ್_ರಾಯರು · ಡಿಸೆಂಬರ್ 9

ಗಂಗೊಳ್ಳಿಯವರೇ, ನೀವು ಬರೆದದ್ದರಲ್ಲೇ ಉತ್ತರ ಇದೆ. ಹತ್ತೂವರೆಗೆ ವಾಪಸ್ ಅಂದಿರಲ್ಲ, ಚಳಿಗಾಲದಲ್ಲಿ ದೊಡ್ಡ ಟ್ರೌಟ್ ಬಾಯಿ ತೆರೆಯುವುದು ಹೆಚ್ಚಾಗಿ ಅದರ ಮೇಲೆಯೇ. ಬೆಳಗಿನ ಜಾವದ ಲೆಕ್ಕ ಬೇಸಿಗೆಗೆ ಸರಿ. ಜನವರಿಯಲ್ಲಿ ನೀರು ರಾತ್ರಿಯಿಡೀ ಆರಿರುತ್ತದೆ. ಮೀನಿನ ಮೈಗೆ ಸ್ವಂತ ಬಿಸಿ ಇಲ್ಲ. ನೀರು ಎಷ್ಟು ತಂಪೋ ಮೀನೂ ಅಷ್ಟೇ ತಂಪು, ಅಷ್ಟೇ ಮಂದ. ಬಿಸಿಲು ಬಂದು ಎರಡು ಮೂರು ಗಂಟೆ ಕಪ್ಪು ಕೆಸರಿನ ಮೇಲೆ ಬಿದ್ದರೆ ಅಲ್ಲಿನ ನೀರು ಸುತ್ತಲಿಗಿಂತ ಒಂದೆರಡು ಡಿಗ್ರಿ ಏರುತ್ತದೆ. ಆ ಬೆಚ್ಚಗಿನ ಜಾಗಕ್ಕೆ ಮಲೆಟ್ ಮೀನು ಬರುತ್ತದೆ. ಮಲೆಟ್ ಹಿಂದೆ ಟ್ರೌಟ್ ಬರುತ್ತದೆ. ನೀವು ಆ ಹೊತ್ತಿಗೆ ಕಾರಿನಲ್ಲಿ ಹೀಟರ್ ಹಾಕಿಕೊಂಡು ಕೂತಿದ್ದಿರಿ.

ಎರಡನೆಯದು ಮರಳು. ಗಟ್ಟಿ ಮರಳಲ್ಲಿ ನಡೆಯುವುದು ಸುಲಭ ನಿಜ. ದೊಡ್ಡ ಮೀನು ಇರುವುದು ಮಾತ್ರ ಕಾಲು ಪಾದದ ಮೇಲಿನವರೆಗೆ ಹೂಳುವ ಕೆಸರಿನಲ್ಲಿ, ಅದೂ ಹುಲ್ಲಿನ ಅಂಚಿನಲ್ಲಿ, ಹತ್ತಿರದಲ್ಲೇ ನಾಲ್ಕೈದು ಅಡಿ ಆಳ ಇರುವ ಕಡೆ. ಚಳಿ ಜಾಸ್ತಿಯಾದರೆ ಆಳಕ್ಕೆ ಜಾರಬೇಕು, ಬಿಸಿಲು ಬಂದರೆ ಮೇಲಕ್ಕೆ ಏರಬೇಕು. ಎರಡೂ ಹತ್ತು ಮಾರು ದೂರದಲ್ಲಿ ಸಿಗುವ ಜಾಗವನ್ನೇ ಅದು ಆರಿಸಿಕೊಳ್ಳುತ್ತದೆ.

ಮೂರನೆಯದು ಗಾಳಿ. ಇಲ್ಲಿ ನಾರ್ದರ್ ಅನ್ನುತ್ತಾರಲ್ಲ, ಉತ್ತರದಿಂದ ನುಗ್ಗುವ ಚಳಿಗಾಳಿ, ಅದರ ಲೆಕ್ಕ ಇಡಲೇಬೇಕು. ನಾರ್ದರ್ ಬರುವ ಹಿಂದಿನ ದಿನ ಮೋಡ ಕವಿದು, ದಕ್ಷಿಣದ ಗಾಳಿ ಬೀಸುತ್ತಾ ಸೆಖೆ ಅನ್ನಿಸುತ್ತದೆ. ಆ ಮಧ್ಯಾಹ್ನ ಮೀನು ಹುಚ್ಚು ಹಿಡಿದಂತೆ ತಿನ್ನುತ್ತದೆ. ಗಾಳಿ ಬಂದ ಮರುದಿನ ನೀಲಿ ಆಕಾಶ, ನೋಡಲು ಬಹಳ ಚೆಂದ, ಮೀನು ಮಾತ್ರ ಇಲ್ಲ. ಮತ್ತೆ ಎರಡನೇ, ಮೂರನೇ ದಿನ ಮಧ್ಯಾಹ್ನ ಒಂದರಿಂದ ಸೂರ್ಯ ಮುಳುಗುವವರೆಗೆ ನೀರಲ್ಲೇ ಇರಿ.

ಬ್ಯಾಫಿನ್‌ನಲ್ಲಿ ನಮ್ಮ ಊರಿನ ಹಾಗೆ ಉಬ್ಬರ ಇಳಿತದ ಲೆಕ್ಕ ಹಾಕಬೇಡಿ. ಅದಕ್ಕೆ ಸಮುದ್ರದ ಕಡೆ ನೇರ ಬಾಗಿಲೇ ಇಲ್ಲ, ಸಿಹಿನೀರು ತರುವುದು ಸಣ್ಣ ತೊರೆಗಳು ಮಾತ್ರ. ಎಷ್ಟೋ ಸಲ ಅಲ್ಲಿನ ನೀರು ಸಮುದ್ರಕ್ಕಿಂತ ಉಪ್ಪಾಗಿರುತ್ತದೆ. ನೀರನ್ನು ಏರಿಸುವುದೂ ಇಳಿಸುವುದೂ ಹೆಚ್ಚಾಗಿ ಗಾಳಿಯೇ.

ಹ್ಯೂಸ್ಟನ್_ಶೆಟ್ಟಿ · ಡಿಸೆಂಬರ್ 10

ರಾಯರು ಜಾಗ, ಹೊತ್ತು ಎರಡೂ ಹೇಳಿದರು. ನಾನು ಎರೆಯ ಬಗ್ಗೆ ಹೇಳುತ್ತೇನೆ. ಕಾಲು ಔನ್ಸ್ ತಲೆ ಚಳಿಗಾಲಕ್ಕೆ ತುಂಬಾ ಭಾರ ಮಾರಾಯರೆ. ಮೊಣಕಾಲು ನೀರಲ್ಲಿ ಅದು ಕಲ್ಲಿನ ಹಾಗೆ ಕೆಳಗೆ ಹೋಗುತ್ತದೆ. 1/16 ಔನ್ಸ್‌ಗೆ ಇಳಿಸಿ. ಇನ್ನೂ ಒಳ್ಳೆಯದು ಕಾರ್ಕಿ.

ಕಾರ್ಕಿ ಗೊತ್ತಿಲ್ಲದವರಿಗೆ: ಹ್ಯೂಸ್ಟನ್‌ನ ಪಾಲ್ ಬ್ರೌನ್ ಎಂಬವರು ಮಾಡಿ ಮಾರುತ್ತಿದ್ದ ನಕಲಿ ಮೀನು. ಈಗ ಮಿರೋಲ್ಯೂರ್ ಕಂಪನಿ ಮಾಡುತ್ತದೆ. ಒತ್ತಿದರೆ ಮೆತ್ತಗೆ, ಒಳಗೆ ಬಗ್ಗಿಸಬಹುದಾದ ತಂತಿ. ಮೂತಿಯನ್ನು ಸ್ವಲ್ಪ ಮೇಲೆ ಬಗ್ಗಿಸಿದರೆ ಮೇಲೆ ತೇಲುತ್ತಾ ಬರುತ್ತದೆ, ಕೆಳಗೆ ಬಗ್ಗಿಸಿದರೆ ಇಳಿಯುತ್ತದೆ. ಇದರ ಗುಣ ಇರುವುದು ಸುಮ್ಮನೆ ನಿಲ್ಲುವುದರಲ್ಲಿ. ಸಾಯುತ್ತಿರುವ ಮಲೆಟ್ ಹೇಗೆ ನೀರಿನ ನಡುವೆ ತೂಗುತ್ತದೆಯೋ ಹಾಗೆ.

ಎಸೆಯಿರಿ. ನಾಲ್ಕು ಎಣಿಸಿ. ರಾಡಿನ ತುದಿಯನ್ನು ಎರಡು ಸಲ ಸಣ್ಣಗೆ ಜಗ್ಗಿ. ನಿಲ್ಲಿಸಿ. ಈಗ ಏನೂ ಮಾಡದೆ ಎಂಟು, ಹತ್ತು ಎಣಿಸಿ. ನೀವು ಬೇಸರಪಟ್ಟು ರೀಲ್ ತಿರುಗಿಸುವ ಮೊದಲಿನ ಕ್ಷಣದಲ್ಲೇ ಅದು ಹಿಡಿಯುತ್ತದೆ. ಅದೂ ಬೇಸಿಗೆಯ ಹಾಗೆ ಧಡ್ ಅಂತ ಅಲ್ಲ. ಒದ್ದೆ ಬಟ್ಟೆಗೆ ಸಿಕ್ಕಿದ ಹಾಗೆ ಲೈನ್ ಭಾರವಾಗುತ್ತದೆ, ಅಷ್ಟೇ. ಎಷ್ಟೋ ಜನ ಅದನ್ನು ಹುಲ್ಲು ಅಂದುಕೊಂಡು ಬಿಟ್ಟುಬಿಡುತ್ತಾರೆ.

ಇನ್ನೊಂದು ಮಾತು. ಟ್ರೌಟ್ ಬಾಯಿ ಕಾಗದದಷ್ಟು ತೆಳು. ಡ್ರ್ಯಾಗ್ (ರೀಲಿನ ಬಿಗಿತ) ಸಡಿಲ ಇರಲಿ. ದೊಡ್ಡದು ಮೇಲೆ ಬಂದು ತಲೆ ಒದರುತ್ತದೆ, ಆಗ ಎಳೆದರೆ ಕೊಕ್ಕೆ ಹರಿದುಕೊಂಡು ಬರುತ್ತದೆ.

ಬಯಲುಸೀಮೆ_ಬಸು · ಡಿಸೆಂಬರ್ 10

ಸರ್, ನಾನು ವಿಜಯಪುರ ಜಿಲ್ಲೆಯವನು, ಈಗ ಆಸ್ಟಿನ್‌ನಲ್ಲಿ ಇದ್ದೇನೆ. ಕೆರೆಯಲ್ಲಿ ಗಾಳ ಹಾಕಿದ್ದು ಬಿಟ್ಟರೆ ಅನುಭವ ಇಲ್ಲ, ಈಜು ಅಷ್ಟಕ್ಕಷ್ಟೆ. ಒಂದು ಅನುಮಾನ. ಟ್ರೌಟ್ ಅಂದರೆ ಬೆಟ್ಟದ ತಣ್ಣೀರಿನ ಮೀನು ಅಲ್ವಾ? ಸಮುದ್ರದಲ್ಲಿ ಹೇಗೆ? ಮತ್ತೆ, ಈಜು ಬಾರದವರು ಇದಕ್ಕೆ ಇಳಿಯಬಹುದಾ?

ಕಾರವಾರದವಳು · ಡಿಸೆಂಬರ್ 10

ಬಸು ಅವರೇ, ಒಳ್ಳೆಯ ಪ್ರಶ್ನೆ. ಇದು ನಿಜವಾದ ಟ್ರೌಟ್ ಅಲ್ಲ. ಮೈಮೇಲೆ ಕಪ್ಪು ಚುಕ್ಕೆ ನೋಡಿ ಬಿಳಿಯರು ಆ ಹೆಸರಿಟ್ಟರು. ಪೂರ್ತಿ ಹೆಸರು ಸ್ಪಾಟೆಡ್ ಸೀಟ್ರೌಟ್, ಇಲ್ಲಿನವರ ಬಾಯಲ್ಲಿ ಸ್ಪೆಕ್. ವಿಜ್ಞಾನದ ಹೆಸರು ಸೈನೋಸಿಯಾನ್ ನೆಬ್ಯುಲೋಸಸ್. ಕ್ರೋಕರ್ ಕುಟುಂಬದ್ದು, ಅಂದರೆ ನಮ್ಮ ಕರಾವಳಿ ಮಾರುಕಟ್ಟೆಯಲ್ಲಿ ಕಲ್ಲೂರು ಅಂತ ಮಾರುತ್ತಾರಲ್ಲ, ಅದರ ದಾಯಾದಿ. ಗಂಡು ಮೀನು ಹೊಟ್ಟೆಯೊಳಗಿನ ಗಾಳಿಚೀಲವನ್ನು ಬಡಿದು ಗೊರ ಗೊರ ಸದ್ದು ಮಾಡುತ್ತದೆ.

ಈ ಚರ್ಚೆಯಲ್ಲಿ ಇನ್ನೂ ಯಾರೂ ಹೇಳದ ಮಾತು ಒಂದಿದೆ. ನೀವೆಲ್ಲ ಹುಡುಕುತ್ತಿರುವ 28 ಇಂಚಿನದು ಹೆಣ್ಣು. 25 ಇಂಚು ದಾಟಿದ ಟ್ರೌಟ್ ಹೆಚ್ಚುಕಡಿಮೆ ಎಲ್ಲವೂ ಹೆಣ್ಣೇ. ಗಂಡು ಅಷ್ಟು ಬೆಳೆಯುವುದಿಲ್ಲ. ಅಷ್ಟು ದೊಡ್ಡದಾಗಲು ಅದಕ್ಕೆ ವರ್ಷಗಟ್ಟಲೆ ಬೇಕು. ವಸಂತದಿಂದ ಬೇಸಿಗೆ ಮುಗಿಯುವವರೆಗೆ ಮತ್ತೆ ಮತ್ತೆ ಮೊಟ್ಟೆ ಇಡುತ್ತದೆ. ಡಾಲ್ಫಿನ್, ಬಲೆ, ಬರಗಾಲ, ಹಿಮಗಾಳಿ ಎಲ್ಲವನ್ನೂ ದಾಟಿ ಬಂದ ಜೀವ ಅದು. ಹಿಡಿಯಿರಿ, ನಾನೂ ಹಿಡಿಯುತ್ತೇನೆ, ಆ ಖುಷಿ ನನಗೆ ಗೊತ್ತು. ಆದರೆ ವಾಪಸ್ ಬಿಡಿ.

ಮೀನೂಟ_ಮೋಹನ · ಡಿಸೆಂಬರ್ 11

ಅಕ್ಕಾ, ನಿಮ್ಮ ಮಾತಿಗೆ ಗೌರವ ಇದೆ. ಆದರೂ ಕೇಳುತ್ತೇನೆ. ಚಳಿಯಲ್ಲಿ ನಾಲ್ಕು ಗಂಟೆ ನಿಂತು ಹಿಡಿದ ಮೀನನ್ನು ಬಿಡುವುದು ನನಗೆ ಇನ್ನೂ ಜೀರ್ಣವಾಗಿಲ್ಲ. ನಮ್ಮ ಮನೆಯಲ್ಲಿ ಮೀನು ತರುವುದು ಅಂದರೆ ಅಡುಗೆಗೆ. ತಿನ್ನದ ಮೀನಿಗೆ ಗಾಳ ಹಾಕಿ ನೋವು ಕೊಡುವುದು ಅದಕ್ಕಿಂತ ತಪ್ಪಲ್ವಾ?

ಕಾರವಾರದವಳು · ಡಿಸೆಂಬರ್ 11

ಮೋಹನ, ನಿಮ್ಮ ಪ್ರಶ್ನೆ ಸುಳ್ಳಲ್ಲ. ನಾನೂ ಮೀನು ತಿನ್ನುವ ಮನೆಯವಳೇ. ಅದಕ್ಕೆ ಹೇಳುತ್ತೇನೆ, ತಿನ್ನಲು ಚಿಕ್ಕದನ್ನೇ ತನ್ನಿ. 16, 17 ಇಂಚಿನದರ ಮಾಂಸ ಬಿಳಿ, ಮೆತ್ತಗೆ, ರವೆ ಹಚ್ಚಿ ಹುರಿದರೆ ಬಾಯಲ್ಲಿ ಕರಗುತ್ತದೆ. ದೊಡ್ಡದನ್ನು ಕೊಯ್ದರೆ ಬೆನ್ನಿನ ಮಾಂಸದಲ್ಲಿ ಶಾವಿಗೆಯಂಥ ಬಿಳಿ ಹುಳ ಕಾಣಿಸುವುದು ಜಾಸ್ತಿ. ಬೇಯಿಸಿದರೆ ಮನುಷ್ಯರಿಗೆ ತೊಂದರೆ ಇಲ್ಲ, ಆದರೂ ಊಟಕ್ಕೆ ಚಿಕ್ಕದೇ ಲೇಸು.

ಕಾನೂನೂ ಹಾಗೇ ಇದೆ. 2024ರ ಮಾರ್ಚ್‌ನಿಂದ ಟೆಕ್ಸಸ್‌ನಲ್ಲಿ ದಿನಕ್ಕೆ ಒಬ್ಬರಿಗೆ 3 ಟ್ರೌಟ್, ಅದೂ 15ರಿಂದ 20 ಇಂಚಿನ ಒಳಗಿನದು. ಆಮೇಲೆ ಟ್ಯಾಗ್ ಬಂತು. ಲೈಸೆನ್ಸ್ ಜೊತೆ ಬರುವ ಟ್ಯಾಗ್ ಕಟ್ಟಿ ವರ್ಷಕ್ಕೆ 28 ಇಂಚು ಮೀರಿದ ಒಂದನ್ನು ಮನೆಗೆ ತರಬಹುದು. ಅಂದರೆ 20 ದಾಟಿದ್ದು, 28 ಮುಟ್ಟದ್ದು ಸಿಕ್ಕರೆ ಬಿಡಲೇಬೇಕು, ಆಯ್ಕೆಯೇ ಇಲ್ಲ. ಹೊರಡುವ ಮೊದಲು ಪಾರ್ಕ್ಸ್ ಅಂಡ್ ವೈಲ್ಡ್‌ಲೈಫ್ ಇಲಾಖೆಯ ಪುಟ ಒಮ್ಮೆ ನೋಡಿಕೊಳ್ಳಿ.

ಕಾರ್ಪಸ್_ರಾಯರು · ಡಿಸೆಂಬರ್ 11

ಮೋಹನ, ನಾನೂ ಮೊದಲು ನಿನ್ನ ಹಾಗೇ ಇದ್ದೆ. ಬದಲಾದದ್ದು 2021ರ ಫೆಬ್ರವರಿಯಲ್ಲಿ.

ಆ ವಾರ ಟೆಕ್ಸಸ್ ಪೂರ್ತಿ ಹೆಪ್ಪುಗಟ್ಟಿತ್ತು. ನಮ್ಮ ಮನೆಯಲ್ಲೂ ಕರೆಂಟಿಲ್ಲ, ನೀರಿಲ್ಲ. ಗಾಳಿ ನಿಂತ ಮೇಲೆ ಲಗುನಾ ಮಾದ್ರೆಯ ದಡಕ್ಕೆ ಹೋದೆ. ಈ ಹಿನ್ನೀರು ಹೆಚ್ಚಿನ ಕಡೆ ಮೂರು ಅಡಿಯಷ್ಟೇ ಆಳ. ಅದಕ್ಕೇ ಬೇಗ ತಣ್ಣಗಾಗುತ್ತದೆ, ಮೀನಿಗೆ ಓಡಲು ಆಳ ಸಿಗುವುದಿಲ್ಲ. ದಡದುದ್ದಕ್ಕೂ ಸತ್ತ ಮೀನಿನ ಸಾಲು. ಬಗ್ಗಿ ಒಂದನ್ನು ಎತ್ತಿದೆ. ಟ್ರೌಟ್. ನನ್ನ ಮೊಣಕೈಯಿಂದ ಬೆರಳ ತುದಿಯನ್ನೂ ದಾಟಿ ಅದರ ಬಾಲ ಇಳಿದಿತ್ತು. ಕಣ್ಣು ಹಾಲಿನ ಹಾಗೆ ಬೆಳ್ಳಗಾಗಿತ್ತು, ಬಾಯೊಳಗಿನ ಹಳದಿ ಬಣ್ಣ ಮಾತ್ರ ಹಾಗೇ ಇತ್ತು. ಹತ್ತಿಪ್ಪತ್ತು ವರ್ಷ ಗಾಳ ಹಾಕಿದರೂ ಅಷ್ಟು ದೊಡ್ಡದು ನನಗೆ ಸಿಕ್ಕಿರಲಿಲ್ಲ. ಕೈಗೆ ಬಂದದ್ದು ಹಾಗೆ.

ಆ ಚಳಿಗೆ ಕರಾವಳಿಯಲ್ಲಿ ಕನಿಷ್ಠ 38 ಲಕ್ಷ ಮೀನು ಸತ್ತವು ಎಂದು ಇಲಾಖೆ ಲೆಕ್ಕ ಕೊಟ್ಟಿತು. ಚಳಿಗೆ ಮರಗಟ್ಟಿದ ಸಾವಿರಾರು ಕಡಲಾಮೆಗಳನ್ನು ಜನ ಕಾರು, ಟ್ರಕ್ಕುಗಳಲ್ಲಿ ತಂದು ಉಳಿಸಿದರು. 1983ರಲ್ಲೂ 1989ರಲ್ಲೂ ಇನ್ನೂ ಜಾಸ್ತಿ ಮೀನು ಸತ್ತಿತ್ತು ಎಂದು ಇಲ್ಲಿನ ಹಿರಿಯರು ಹೇಳುತ್ತಿದ್ದರು. ಹಾಗೆ ಉಳಿದುಕೊಂಡ ಹೆಣ್ಣು ಮೀನುಗಳಿಂದಲೇ ಈ ನೀರು ಮತ್ತೆ ತುಂಬಿದ್ದು. ಅಂದಿನಿಂದ 20 ಇಂಚು ದಾಟಿದ್ದನ್ನು ನಾನು ಮನೆಗೆ ತಂದಿಲ್ಲ. ಟ್ಯಾಗ್ ಬಂದ ಮೇಲೂ ತಂದಿಲ್ಲ.

ಹಿಮಗಾಳಿ ಬಂದಾಗ ಮೀನೆಲ್ಲ ಆಳದ ಕಾಲುವೆಗಳಲ್ಲಿ ಒತ್ತೊತ್ತಾಗಿ ನಿಲ್ಲುತ್ತದೆ. ಅಂಥ ಕಡೆ ಗಾಳ ಹಾಕುವುದನ್ನು ಇಲಾಖೆ ಕೆಲವು ದಿನ ನಿಲ್ಲಿಸುತ್ತದೆ. ನಿಲ್ಲಿಸದಿದ್ದರೂ ಆ ದಿನ ಹೋಗಬೇಡಿ. ಅದು ಬೇಟೆ ಅಲ್ಲ.

ಮೀನೂಟ_ಮೋಹನ · ಡಿಸೆಂಬರ್ 12

ರಾಯರೇ, ಎರಡು ಸಲ ಓದಿದೆ. 17 ಇಂಚಿನದೇ ಸಾಕು ನನಗೆ.

ಹ್ಯೂಸ್ಟನ್_ಶೆಟ್ಟಿ · ಡಿಸೆಂಬರ್ 12

ಬಸು ಅವರ ಎರಡನೇ ಪ್ರಶ್ನೆ ಹಾಗೇ ಉಳಿಯಿತು, ಅದು ಮುಖ್ಯ. ಈಜು ಅಷ್ಟಕ್ಕಷ್ಟೆ ಅಂದರೆ ಒಬ್ಬರೇ ಖಂಡಿತ ಇಳಿಯಬೇಡಿ. ಈಜು ಬರುವವರೂ ಚಳಿಗಾಲದಲ್ಲಿ ಒಬ್ಬರೇ ಇಳಿಯಬಾರದು. ಯಾಕೆ ಅಂತ ನನಗೇ ಆದದ್ದನ್ನು ಹೇಳುತ್ತೇನೆ.

ಮೂರು ವರ್ಷದ ಹಿಂದಿನ ಜನವರಿ. ದುಡ್ಡು ಕೊಟ್ಟು ಒಬ್ಬ ಗೈಡ್ ಜೊತೆ ಹೋಗಿದ್ದೆ. ನಮ್ಮನ್ನು ಇಳಿಸಿ ಆತ ದೋಣಿಯನ್ನು ಅರ್ಧ ಮೈಲಿ ಆಚೆ ಒಯ್ದ. ವೇಡರ್ (ನೀರಿಗೆ ಇಳಿಯಲು ತೊಡುವ, ನೀರು ಒಳಬಾರದ ಉದ್ದ ಉಡುಪು) ಮೇಲೆ ಬೆಲ್ಟ್ ಇತ್ತು, ಆದರೆ ಹೊಟ್ಟೆಗೆ ಬಿಗಿ ಅನ್ನಿಸಿ ಸಡಿಲ ಮಾಡಿಕೊಂಡಿದ್ದೆ. ಹುಲ್ಲಿನ ಅಂಚಿನಲ್ಲಿ ಹೆಜ್ಜೆ ಇಟ್ಟೆ, ಕೆಳಗೆ ನೆಲವೇ ಇಲ್ಲ. ಎದೆಯವರೆಗೆ ಹೋದೆ, ನೀರು ಮೇಲಿನಿಂದ ಒಳಗೆ ಸುರಿಯಿತು. 54 ಡಿಗ್ರಿ ನೀರು ಕಾಲಿನವರೆಗೆ ಇಳಿದಾಗ ಉಸಿರು ಒಳಗೇ ನಿಂತುಹೋಯಿತು, ಕೂಗಲು ಆಗಲಿಲ್ಲ. ಪಕ್ಕದಲ್ಲಿದ್ದ ಸ್ನೇಹಿತ ರಾಡ್ ಚಾಚಿ ಎಳೆದುಕೊಂಡ. ದಡದಲ್ಲಿ ಬೆರಳು ಬಗ್ಗದೆ ಬೆಲ್ಟಿನ ಬಕಲ್ ಬಿಚ್ಚಲು ಹತ್ತು ನಿಮಿಷ ಬೇಕಾಯಿತು.

ಅಂದಿನಿಂದ ಬೆಲ್ಟ್ ಬಿಗಿ, ಒಳಗೆ ಉಣ್ಣೆ ಬಟ್ಟೆ (ಹತ್ತಿ ಬೇಡ, ಒದ್ದೆಯಾದರೆ ಚಳಿ ಹಿಡಿದಿಡುತ್ತದೆ), ತೆಳುವಾದ ಲೈಫ್ ಜಾಕೆಟ್, ದೋಣಿಯಲ್ಲಿ ಒಂದು ಜೊತೆ ಒಣ ಬಟ್ಟೆ, ಫ್ಲಾಸ್ಕಿನಲ್ಲಿ ಬಿಸಿ ಕಷಾಯ. ಇಷ್ಟಿಲ್ಲದೆ ನಾನು ಇಳಿಯುವುದಿಲ್ಲ.

ಕಾಲನ್ನು ಎತ್ತಿ ಇಡಬೇಡಿ, ಉಜ್ಜಿಕೊಂಡು ಹೋಗಿ. ಚಳಿಯಲ್ಲಿ ತೊರಕೆ ಮೀನು ಕಡಿಮೆ, ಇಲ್ಲವೇ ಇಲ್ಲ ಅಂತಲ್ಲ. ಮೇಲೆ ಕಾಲಿಟ್ಟರೆ ಬಾಲದ ಮುಳ್ಳು ಹೊಡೆಯುತ್ತದೆ. ಬ್ಯಾಫಿನ್‌ನ ಬಂಡೆಗಳನ್ನೂ ನೋಡಿಕೊಳ್ಳಿ. ಅವು ನಿಜವಾದ ಬಂಡೆಯಲ್ಲ, ಹಿಂದಿನ ಕಾಲದಲ್ಲಿ ಒಂದು ಜಾತಿಯ ಹುಳುಗಳು ಕಟ್ಟಿದ ಸುಣ್ಣದ ಗೂಡು. ಮೀನಿಗೆ ಒಳ್ಳೆಯ ಜಾಗ, ದೋಣಿಯ ಪ್ರೊಪೆಲ್ಲರಿಗೆ ಅಪಾಯ.

ಬಯಲುಸೀಮೆ_ಬಸು · ಡಿಸೆಂಬರ್ 12

ಶೆಟ್ರೇ, ಇದನ್ನು ಬರೆದಿದ್ದಕ್ಕೆ ಧನ್ಯವಾದ. ನಾನು ಇವತ್ತೇ ಈಜು ಕ್ಲಾಸಿಗೆ ಹೆಸರು ಕೊಟ್ಟೆ. ಅಲ್ಲಿಯವರೆಗೆ ದಡದಿಂದ.

ಗಂಗೊಳ್ಳಿ_ಗಾಳ · ಡಿಸೆಂಬರ್ 13

ಎಲ್ಲರ ಮಾತೂ ಬರೆದಿಟ್ಟುಕೊಂಡಿದ್ದೇನೆ. ಒಂದು ಪ್ರಶ್ನೆ ರಾಯರಿಗೆ. ಅಷ್ಟು ದೊಡ್ಡ ನೀರಲ್ಲಿ ಇಲ್ಲೇ ಇಳಿಯಬೇಕು ಅಂತ ಹೇಗೆ ಗೊತ್ತಾಗುತ್ತದೆ? ದಡ ಎಲ್ಲಾ ಕಡೆ ಒಂದೇ ಥರ ಕಾಣುತ್ತದೆ.

ಕಾರ್ಪಸ್_ರಾಯರು · ಡಿಸೆಂಬರ್ 13

ದಡ ನೋಡಬೇಡಿ, ನೀರು ನೋಡಿ. ದೋಣಿ ನಿಲ್ಲಿಸಿ ಹದಿನೈದು ನಿಮಿಷ ಸುಮ್ಮನೆ ಕೂತುಕೊಳ್ಳಿ. ಮಲೆಟ್ ಒಂದೊಂದೇ ಹಾರುತ್ತಿದೆಯಾ? ಸುಮ್ನೆ ಹಾರುವ ಮಲೆಟ್ ಬೇರೆ, ಹೆದರಿ ಹಾರುವ ಮಲೆಟ್ ಬೇರೆ. ಹೆದರಿದ್ದು ಓರೆಯಾಗಿ, ಅವಸರದಲ್ಲಿ, ಎರಡು ಮೂರು ಸಲ ಒಂದೇ ದಿಕ್ಕಿಗೆ ಹಾರುತ್ತದೆ. ಹೆಜ್ಜಾರ್ಲೆ ಹಕ್ಕಿ ಎಲ್ಲಿ ಕೂತಿದೆ? ಚಳಿಗಾಲದಲ್ಲಿ ಅದು ಸುಮ್ಮನೆ ಶಕ್ತಿ ಖರ್ಚು ಮಾಡುವುದಿಲ್ಲ, ಊಟ ಇರುವ ಕಡೆಯೇ ಇರುತ್ತದೆ.

ಇನ್ನೊಂದು ಗುರುತು, ಎಣ್ಣೆಪಸೆ. ಟ್ರೌಟ್ ತಿಂದದ್ದನ್ನು ಕಕ್ಕಿದಾಗ ಕೆಳಗಿನಿಂದ ಎಣ್ಣೆ ಎದ್ದು ನೀರಿನ ಮೇಲೆ ತಟ್ಟೆಯಷ್ಟಗಲ ನುಣ್ಣಗೆ ಹರಡುತ್ತದೆ. ಮೂಗಿಗೆ ಥೇಟ್ ಕಲ್ಲಂಗಡಿ ಹಣ್ಣಿನ ವಾಸನೆ ಬರುತ್ತದೆ. ಚಿಕ್ಕ ತಟ್ಟೆ ಅಂದರೆ ಈಗಷ್ಟೇ ಎದ್ದದ್ದು, ಮೀನು ಅಲ್ಲೇ ಇದೆ. ಹರಡಿ ಚಾಪೆಯಷ್ಟಾಗಿದ್ದರೆ ಗಾಳಿ ಅದನ್ನು ತಂದಿದೆ, ಗಾಳಿಯ ಎದುರು ದಿಕ್ಕಿಗೆ ಹುಡುಕಿ.

ಇವು ಮೂರರಲ್ಲಿ ಒಂದು ಕಂಡರೂ ಇಳಿಯಿರಿ. ಇಳಿದ ಮೇಲೆ ನಡಿಗೆ ಕಡಿಮೆ ಮಾಡಿ. ನಾನು ನೂರು ಗಜಕ್ಕೆ ಒಂದೂವರೆ ಗಂಟೆ ತೆಗೆದುಕೊಳ್ಳುತ್ತೇನೆ. ಒಂದು ಮೀನು ಸಿಕ್ಕ ಜಾಗದಲ್ಲಿ ಕಾಲು ಕದಲಿಸದೆ ಇಪ್ಪತ್ತು ಸಲವಾದರೂ ಎಸೆಯಿರಿ.

ಗಂಗೊಳ್ಳಿ_ಗಾಳ · ಜನವರಿ 19

ವರದಿ ಕೊಡಲು ಬಂದೆ.

ಮಂಗಳವಾರ ನಾರ್ದರ್ ಬಂತು. ಶುಕ್ರವಾರ ರಜೆ ಹಾಕಿ ಬ್ಯಾಫಿನ್‌ಗೆ ಹೋದೆ, ಜೊತೆಗೆ ಅದೇ ಸ್ನೇಹಿತರು. ಹನ್ನೊಂದು ಗಂಟೆಯವರೆಗೆ ನೀರಿಗೇ ಇಳಿಯಲಿಲ್ಲ, ದೋಣಿಯಲ್ಲಿ ಕೂತು ನೀರು ನೋಡಿದೆವು. ಹನ್ನೆರಡರ ಹೊತ್ತಿಗೆ ಒಂದು ಕೊಲ್ಲಿಯ ಮೂಲೆಯಲ್ಲಿ ಮಲೆಟ್ ಓರೆ ಹಾರಿತು. ಇಳಿದೆವು. ಕೆಸರು ಗಿಣ್ಣಿನವರೆಗೆ, ನೀರು ಸೊಂಟಕ್ಕಿಂತ ಸ್ವಲ್ಪ ಕೆಳಗೆ. ಥರ್ಮಾಮೀಟರ್ 57 ತೋರಿಸಿತು. ದೋಣಿ ನಿಂತಿದ್ದ ಆಳದ ಕಡೆ 54 ಇತ್ತು.

ಎರಡು ಗಂಟೆ ಏನೂ ಇಲ್ಲ. ಕಾರ್ಕಿ ಎಸೆಯುವುದು, ಎಣಿಸುವುದು, ಜಗ್ಗುವುದು, ಎಣಿಸುವುದು. 2:20ಕ್ಕೆ ಲೈನ್ ಭಾರವಾಯಿತು. ಶೆಟ್ರು ಹೇಳಿದ ಒದ್ದೆ ಬಟ್ಟೆ. ರಾಡ್ ಎತ್ತಿದೆ. ಮೊದಲು ಅದು ಕದಲಲೇ ಇಲ್ಲ. ಆಮೇಲೆ ಮೇಲೆ ಬಂದು ತಲೆ ಒದರಿತು, ಬಾಯಿ ಪೂರ್ತಿ ತೆರೆದು. ಒಳಗೆ ಅರಿಶಿನ ಹಳದಿ, ಮೇಲಿನ ದವಡೆಯಲ್ಲಿ ಮುಂದೆ ಎರಡು ಕೋರೆಹಲ್ಲು. ನಾನು ಎಳೆಯಲಿಲ್ಲ. ಅದು ಹೋದ ಕಡೆ ಬಿಟ್ಟೆ, ಬಂದಾಗ ಸುತ್ತಿಕೊಂಡೆ. ಐದಾರು ನಿಮಿಷ ಆಗಿರಬಹುದು.

ಬಲೆಯಲ್ಲಿ, ನೀರಲ್ಲೇ ಇಟ್ಟು ಅಳೆದೆ. 26 ಇಂಚು ಮತ್ತು ಕಾಲು. 28 ಅಲ್ಲ. ಆದರೆ ನನ್ನ ಜೀವನದಲ್ಲಿ ಹಿಡಿದ ಟ್ರೌಟ್‌ಗಳಲ್ಲಿ ಎಲ್ಲಕ್ಕಿಂತ ದೊಡ್ಡದು. ಬೆನ್ನಿನ ಮೇಲೆ ನೇರಳೆ ಹೊಳಪು, ಚುಕ್ಕೆಗಳು ಬಾಲದವರೆಗೆ. ಕೈ ಒದ್ದೆ ಮಾಡಿಕೊಂಡೇ ಹಿಡಿದೆ. ಹೊಟ್ಟೆಯ ಕೆಳಗೆ ಅಂಗೈ ಇಟ್ಟೆ. ಸ್ನೇಹಿತರು ಒಂದು ಫೋಟೊ ತೆಗೆದರು. ನೀರಲ್ಲಿ ಇಳಿಸಿ ಬಾಲದ ಬುಡ ಹಿಡಿದುಕೊಂಡಿದ್ದೆ. ಕಿವಿರು ನಿಧಾನ ತೆರೆದು ಮುಚ್ಚುತ್ತಿತ್ತು. ಆಮೇಲೆ ಕೈಯಲ್ಲಿ ಒಂದು ಬಿಗಿತ ಗೊತ್ತಾಯಿತು, ಹೊರಟೇ ಹೋಯಿತು. ಕೆಸರಿನ ಮೋಡ ಒಂದು ಉಳಿಯಿತು.

ರಾತ್ರಿ ಅಪ್ಪನಿಗೆ ಫೋನ್ ಮಾಡಿ ಹೇಳಿದೆ. ಬಿಟ್ಟೆ ಅಂದಾಗ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹೆಣ್ಣಾ?" ಅಂತ ಕೇಳಿದರು. ಹೌದು ಅಂದೆ. "ಹಂಗಾರ್ ಸೈ" ಅಂದರು.

ಕಾರವಾರದವಳು · ಜನವರಿ 19

ಓದಿ ಕಣ್ಣು ತುಂಬಿತು. 26 ಇಂಚು ಚಳಿಗಾಲದಲ್ಲಿ, ನಡೆದುಕೊಂಡು, ನಾಲ್ಕನೇ ಸಲಕ್ಕೆ! ತುಂಬಾ ಜನಕ್ಕೆ ವರ್ಷಗಟ್ಟಲೆ ಸಿಗುವುದಿಲ್ಲ. ಟೆಕ್ಸಸ್ ದಾಖಲೆ 37.25 ಇಂಚು, 15 ಪೌಂಡ್ 10 ಔನ್ಸ್, 2002ರಲ್ಲಿ ಲೋವರ್ ಲಗುನಾ ಮಾದ್ರೆಯಲ್ಲಿ ಫ್ಲೈ ರಾಡಿಗೆ ಸಿಕ್ಕಿದ್ದು. ಅಂಥವೂ ಇದೇ ನೀರಲ್ಲೇ ಬೆಳೆದವು.

ಹ್ಯೂಸ್ಟನ್_ಶೆಟ್ಟಿ · ಜನವರಿ 20

ಸಂತೋಷ ಮಾರಾಯರೆ. ಯಾವ ಬಣ್ಣದ ಕಾರ್ಕಿ?

ಗಂಗೊಳ್ಳಿ_ಗಾಳ · ಜನವರಿ 20

ಗುಲಾಬಿ. ನೀರು ಸ್ವಲ್ಪ ಕಲಕಿತ್ತು, ಅದಕ್ಕೆ. ಮೂತಿ ಒಂಚೂರು ಮೇಲೆ ಬಗ್ಗಿಸಿದ್ದೆ.

ಕಾರ್ಪಸ್_ರಾಯರು · ಜನವರಿ 20

ಮುಂದಿನ ನಾರ್ದರ್ ಬುಧವಾರ ಅಂತ ತೋರಿಸುತ್ತಿದೆ. ಶನಿವಾರ ಗಾಳಿ ಇಳಿಯಬಹುದು. ನನ್ನ ದೋಣಿಯಲ್ಲಿ ಇಬ್ಬರಿಗೆ ಜಾಗ ಇದೆ. ಗಂಗೊಳ್ಳಿಯವರೇ, ಬರುತ್ತೀರಾ? ಬಸು, ನಿನ್ನ ಈಜು ಎಲ್ಲಿಗೆ ಬಂತು?

ಬಯಲುಸೀಮೆ_ಬಸು · ಜನವರಿ 20

ಕೊಳದ ಆ ತುದಿಯಿಂದ ಈ ತುದಿಗೆ ಒಂದೇ ಉಸುರಿನಲ್ಲಿ ಬರುತ್ತೇನೆ ಸರ್. ಲೈಫ್ ಜಾಕೆಟ್ ತೆಗೆದುಕೊಂಡಿದ್ದೇನೆ. ವೇಡರ್ ಇನ್ನೂ ಇಲ್ಲ, ಕಾಲಿನ ಅಳತೆ 10. ಯಾರ ಹತ್ತಿರವಾದರೂ ಹೆಚ್ಚಿನದೊಂದು ಇದೆಯಾ?

ಹ್ಯೂಸ್ಟನ್_ಶೆಟ್ಟಿ · ಜನವರಿ 20

ನನ್ನ ಹತ್ತಿರ ಇದೆ. ಬೆಲ್ಟ್ ಸಮೇತ ಕಳಿಸುತ್ತೇನೆ. ಬಿಗಿಯಾಗಿ ಕಟ್ಟಿಕೊಳ್ಳಿ.